ಅಕ್ಕನ ಆರು ಕಾಲು

ಊರಲ್ಲಿ ಎಲ್ಲರಿಗೂ ಎರಡು ಕಾಲು. ನಮ್ಮಕ್ಕನಿಗೆ ಆರು! ಅದರಲ್ಲಿ ನಾಲ್ಕಕ್ಕೆ ಎತ್ತಿನ ಲಾಳ, ನಮ್ಮ ಕಡೆಯ ನಾಲು, ಬಡಿದಿದೆ. ಸುಳ್ಳೆನಿಸಿದರೆ ಬೈಲಹೊಂಗಲಕ್ಕೆ ಬಂದು ನಮ್ಮ ಓಣಿಯಲ್ಲಿ ನಿಲ್ಲಿ. ನೋಡುವುದೂ ಬೇಡ, ಕೇಳಿದರೆ ಸಾಕು.

ನಾನು ಮೂರನೇ ಇಯತ್ತೆಗೇ ಸಾಲೆ ಬಿಟ್ಟವಳು. ದೊಡ್ಡ ಮಾತು ಬರೆಯಲು ಬಾರದು. ಅಕ್ಕ-ತಂಗಿ ನಾವು ಒಂದೇ ಮನೆಯ ಅಣ್ಣ-ತಮ್ಮಂದಿರನ್ನು ಮದುವೆಯಾದವರು. ಹಾಗಾಗಿ ಹುಟ್ಟಿದಂದಿನಿಂದ ಇಂದಿನವರೆಗೂ ಅವಳ ಕೈಯಿಂದ ನನಗೆ ಬಿಡುಗಡೆ ಸಿಕ್ಕಿಲ್ಲ!

ರಾಜ್ಯಕ್ಕೆ ಹೊಸ ಹೆಸರು ಬಂದ ವರ್ಷವೇ ಅಕ್ಕನಿಗೆ ಹೊಸ ಕಾಲುಗಳು ಬಂದವು. ಶಾವಿಗೆ ಒಣಹಾಕಲು ಮಾಳಿಗೆ ಹತ್ತಿದವಳು ಇಳಿಯುವಾಗ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಬೆಳಗಾವಿಯ ಡಾಕ್ಟರು ಬಿಳಿ ಕೊಳವೆಗಳ ವಾಕರ್ ಕೊಟ್ಟರು. ನಾಲ್ಕೂ ತುದಿಗೆ ರಬ್ಬರಿನ ಟೊಪ್ಪಿಗೆ. ಕೆಂಪು ಬಸ್ಸಿನ ಮೇಲೆ ಕಟ್ಟಿಸಿ ತಂದೆವು. ಹೊಸ್ತಿಲಲ್ಲಿ ಅಕ್ಕ ತಡೆದಳು.

"ನಿಂದರ್ರಿ! ಹೊಸಾ ಎತ್ತು ಬಂದ್ರ ಕಾಲಿಗೆ ನೀರು ಹಾಕದ ಒಳಗ ಕರಕೋತಾರೇನು?"

ವಾಕರಿಗೆ ನೀರು ಬಿತ್ತು, ಕುಂಕುಮ ಬಿತ್ತು. ಸಾವಿನ ದವಡೆಯಿಂದ ಬಂದ ಅಕ್ಕನನ್ನು ಇಬ್ಬರು ಹಿಡಿದು ನಿಂತಿದ್ದೆವು. ಆರತಿ ಮಾತ್ರ ವಾಕರಿಗೆ!

ವಾರದೊಳಗೆ ಅದರ ಕೊರಳಿಗೆ ಬಣ್ಣದ ಗೊಂಡೆ, ಎಲೆಯಡಿಕೆಯ ಚೀಲ ಬಂದವು. ಮುಂದಿನ ಬೇಸಿಗೆಯಲ್ಲಿ ಶಾವಿಗೆಯೂ ಅದರ ಮೇಲೆಯೇ ಒಣಗಿತು.

"ಅಕ್ಕಾ, ಡಾಕ್ಟರು ಇದನ್ನ ಹಿಡಕೊಂಡು ನಡಿ ಅಂದಾರ."

"ಶಾವಿಗಿ ಒಣಗೂತನಕ ಕುಂತಿರತೇನಿ. ಎತ್ತು ದಣಿಯೂದಿಲ್ಲೇನ?"

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಒಂದು ಸಂತೆಯ ದಿನ ನನ್ನನ್ನೂ ಎಳೆದುಕೊಂಡು ಚಕ್ಕಡಿ ಏರಿದಳು. ಎತ್ತಿಗೆ ನಾಲು ಬಡಿಯುವ ಸಾಬರ ಮುಂದೆ, ಸಂಗೊಳ್ಳಿಯ ಜೋಡೆತ್ತುಗಳ ಹಿಂದೆ, ವಾಕರ್ ಹಿಡಿದು ಪಾಳಿ ಹಚ್ಚಿದಳು!

"ಅಕ್ಕಾರ, ಹಗ್ಗಾ ಹಾಕಿ ಕೆಡವಬೇಕೇನ್ರಿ ಇದನ್ನ?" ಸಾಬರು ನಗದೆ ಕೇಳಿದರು.

"ಬ್ಯಾಡಪಾ, ಸಾದು ಐತಿ. ಒದಿಯೂದಿಲ್ಲ, ಹಾಯೂದಿಲ್ಲ."

ರಬ್ಬರು ಕಿತ್ತು, ಕೊಳವೆಯೊಳಗೆ ಜಾಲಿಯ ಗೂಟ ಬಡಿದು, ಅದಕ್ಕೆ ನಾಲು ಹೊಡೆದರು.

ಅಂದಿನಿಂದ ಮನೆಯ ಕಲ್ಲುಹಾಸಿನ ಮೇಲೆ ಟಕ್! ಟಕ್! ಹಿತ್ತಲಿನ ನಿಜವಾದ ಎತ್ತುಗಳೂ ಕಿವಿ ನಿಮಿರಿಸುತ್ತವೆ. ಒಮ್ಮೆ ನೇಸರಗಿಯ ಬೀಗರಿಗಾಗಿ ಕಾಯುತ್ತಿದ್ದ ನಮ್ಮ ಯಜಮಾನರು ಈ ಸಪ್ಪಳ ಕೇಳಿ, ಚಕ್ಕಡಿ ಬಂತೆಂದು ಪಟಕ ಸುತ್ತಿಕೊಂಡು, ನೀರಿನ ತಂಬಿಗೆ ಹಿಡಿದು "ಬರ್ರಿ, ಬರ್ರಿ" ಎನ್ನುತ್ತ ಓಡಿಬಂದರು. ಬಾಗಿಲಲ್ಲಿ ಅಕ್ಕ! ಅವಳೇನು ನಾಚಿದಳೇ? ತಂಬಿಗೆ ಇಸಿದುಕೊಂಡು ಕಾಲು ತೊಳೆದುಕೊಂಡಳು. ಆರನ್ನೂ!

ಜಾರಿಬಿದ್ದರೆ ಗತಿಯೇನು, ರಬ್ಬರೇ ಇರಲಿ ಎಂದು ಕಂಡವರೆಲ್ಲ ಹೇಳಿದರು.

"ರಬ್ಬರ ಕಾಲಿನ ಎತ್ತು ಯಾರ ಮನ್ಯಾಗ ಐತಿ, ತೋರಸ್ರಿ" ಎಂದಳು. ಓಣಿಯೇ ನಕ್ಕಿತು. ನಾನೂ ನಕ್ಕೆ. ಆದರೆ ನಿಜವಾದ ಕಾರಣ ಅವಳನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು.

ಆ ಸಂತೆಯ ಹಿಂದಿನ ಸಂಜೆ ರೊಟ್ಟಿ ಬಡಿಯುತ್ತ ಸೊಸೆಯ ಮುಂದೆ ಅಂದಿದ್ದೆ: "ಬಿದ್ದಾಕಿ ಆಕಿ, ಸೊಂಟ ಮುರದದ್ದು ನಂದು. ಇನ್ನೆಷ್ಟು ವರ್ಸ ಈ ಚಾಕರಿ!"

ತಿರುಗಿದರೆ ಬಾಗಿಲಲ್ಲಿ ಅಕ್ಕ. ರಬ್ಬರಿನ ಕಾಲು; ಬಂದದ್ದೇ ಕೇಳಿಸಿರಲಿಲ್ಲ.

"ರೊಟ್ಟಿ ಹೊತ್ತಾಕ ಹತ್ತೈತಿ, ನೋಡವಾ" ಎಂದಷ್ಟೇ ಹೇಳಿ ಹೊರಳಿ ಹೋದಳು. ಮರುದಿನವೇ ನಾಲು!

ಆಮೇಲೆ ಆ ಟಕ್ ಟಕ್ ಉಳಿದವರಿಗೆ ಕಲ್ಲಿನ ಮೇಲೆ ಕೇಳಿಸಿತು. ನನಗೆ ಎದೆಯ ಮೇಲೆ. ಕಡೆಗೆ ಮೊನ್ನೆ ಹಳೆಯ ಟಯರಿನಿಂದ ರಬ್ಬರು ಕೊಯ್ಯಿಸಿ ತಂದು ಅವಳ ಮುಂದೆ ಕುಳಿತೆ.

"ಅಕ್ಕಾ, ಆ ನಾಲು ತಗಸೂಣು. ಇನ್ನ ಎಂದೂ ಹಂಗ ಅನ್ನೂದಿಲ್ಲ. ನಿನ್ನ ಕಾಲಿಗೆ ಬೀಳತೇನಿ."

"ಯಾವ ಕಾಲಿಗೆ ಬೀಳತಿ? ಆರ ಅದಾವ."

ನನಗೆ ಅಳು ಬಂದಿತ್ತು, ಅವಳು ನಗುತ್ತಿದ್ದಳು. ಸೆರಗಿನಿಂದ ನನ್ನ ಮುಖ ಒರೆಸಿದಳು.

"ನಾಲಾನ ಇರ್ಲಿ. ಮನಸಿನ್ಯಾಗಿನ ಮಾತು ಅನ್ನದ ಇದ್ರ ನಿನ್ನ ಹೊಟ್ಟಿ ಉಬ್ಬತೈತಿ, ಸಣ್ಣಾಕಿ ಇದ್ದಾಗಿಂದ ನೋಡೇನಿ. ಅಂದಬಿಡು. ನಾ ಬರೂದ್ರಾಗ ಮುಗಸು, ಅಷ್ಟ."

ರಬ್ಬರು ಗೋಡೆಯ ಮಾಡದಲ್ಲಿ ಬಿದ್ದಿದೆ. ನನ್ನ ಬಾಯಿಯೇನು ಸುಧಾರಿಸಿಲ್ಲ. ಒಲೆಯ ಮುಂದೆ ಇನ್ನೂ ಗೊಣಗುತ್ತೇನೆ. ಪಡಸಾಲೆಯಲ್ಲಿ ಸಪ್ಪಳ ಏಳುತ್ತದೆ, ಹತ್ತಿರವಾಗುತ್ತದೆ, ಅಡುಗೆಮನೆಯ ಬಾಗಿಲಾಚೆ ನಿಲ್ಲುತ್ತದೆ.

"ಮುಗೀತೇನವಾ?"

"ಮುಗೀತು, ಬಾ ಅಕ್ಕಾ. ರೊಟ್ಟಿ ಬಿಸಿ ಅದಾವ."