ನವಿಲಿನ ಮೂರನೇ ಕಾಲು

ಇಲ್ಲಿ ಬರೆದ ಒಂದೊಂದು ಮಾತೂ ಖರೆ. ಬೇಕಾದರೆ ಬನಹಟ್ಟಿಗೆ ಬಂದು ಮಗ್ಗವನ್ನೇ ಕೇಳಿರಿ. ನನ್ನಂಥ ಶಾಣ್ಯಾ ಇದ್ದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಸೀರೆಯ ಚಿತ್ರ ಕೊಟ್ಟರೆ ಸಾಕು, ಮಗ್ಗ ಓದುವ ಫೈಲನ್ನು ಕಂಪ್ಯೂಟರ್ ತಾನೇ ಹುಟ್ಟಿಸುವಂಥ ಪ್ರೋಗ್ರಾಂ ಬರೆದವನು ನಾನು. ದಿನಾ ಮುಂಜಾನೆ ಹಳೇದನ್ನು ಅಳಿಸಿ ಹೊಸ ಫೈಲ್! ನೋಡಿದಷ್ಟು ಸಲ ನನಗೇ ಮೈ ಜುಮ್ಮೆನ್ನುತ್ತದೆ. ಫೈಲಿನ ನೆತ್ತಿಯ ಮೇಲೆ ಎಚ್ಚರಿಕೆ ಬರೆದವನೂ ನಾನೇ: ‘ಇದನ್ನು ಮುಟ್ಟಬೇಡಿ, ಮೂಲ ಚಿತ್ರ ತಿದ್ದಿ.’

೧. ಕಾಲು ಹಚ್ಚಿದ್ದು

ಮಗ್ಗದ ಕಾಕಾ ಜನ್ಮವೆಲ್ಲ ಮಂದಿಗೆ ನೇಯ್ದವರು. ಈಗ ಸ್ವಂತ ಮಗಳ ಲಗ್ನದ ಸೀರೆ. ಲಗ್ನಕ್ಕೆ ನಾಲ್ಕೇ ದಿನ. ಮಾದರಿ ತುಂಡು ನೋಡಿ ಮಗಳು ನನಗೆ ಅಂದಳು: “ಮಾಮಾ, ಸೆರಗಿನಾಗಿನ ನವಿಲಿಗೆಲ್ಲಾ ಒಂದ ಕಾಲ ಐತಿ. ಕುಂಟ ನವಿಲ ಉಟ್ಟು ಲಗ್ನದ ಅಕ್ಕಿಕಾಳಿಗೆ ನಿಂದ್ರಂಗಿಲ್ಲ ನಾ!”

ಚಿತ್ರ ತಿದ್ದುವುದು ಯಾರಿಗಾದರೂ ಬರುತ್ತದೆ. ನಾನು ಫೈಲಿಗೇ ಕೈ ಹಾಕಿದೆ. ಸಾವಿರಾರು ಸೊನ್ನೆ-ಒಂದುಗಳ ನಡುವೆ ಜಾಗ ಹಿಡಿದು ಕಾಲು ಹಚ್ಚಿದೆ. ಕಾಕಾ ಕೈ ಮುಗಿದರು: “ತಮ್ಮಾ, ನೀ ಮನಷ್ಯಾ ಅಲ್ಲ, ದೇವರು!”

ಮುಂಜಾನೆ ಹೊಸ ಫೈಲ್ ಹುಟ್ಟಿತು. ನವಿಲು ಮತ್ತೆ ಒಂದೇ ಕಾಲಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು.

೨. ಬೀಗ

ಮತ್ತೆ ಕಾಲು ಹಚ್ಚಿ, ಯಾರೂ ಅಳಿಸದಂತೆ ಫೈಲಿಗೆ ಬೀಗ ಜಡಿದೆ. ಅಷ್ಟರಲ್ಲಿ ಮದುಮಗಳಿಗೆ ಅಂಚಿನಲ್ಲಿ ಮಲ್ಲಿಗೆ ಮೊಗ್ಗು ಬೇಕಾಯಿತು. ಚಿತ್ರದಲ್ಲಿ ಮೊಗ್ಗು ಬರೆದೆ. ಮಗ್ಗ ಹಳೇ ಅಂಚನ್ನೇ ನೇಯ್ದಿತು. “ಕಾಕಾ, ನಿಮ್ಮ ಮಗ್ಗಕ್ಕ ವಯಸ್ಸಾಗೇತ್ರಿ” ಅಂದೆ. ಪಾಪ, ದಿನವಿಡೀ ಮಗ್ಗ ಬಿಚ್ಚಿ, ಎಣ್ಣೆ ಹಾಕಿ ಕೂಡಿಸಿದರು. ಸಂಜೆಗೆ ಬೀಗ ಕಂಡುಹಿಡಿದದ್ದು ಮಗಳು.

“ಹೊಸಾದು ಒಳಗ ಬರಾಕ ದಾರೀನ ಇಲ್ಲಲ್ರಿ! ಯಾರ್ ಹಾಕ್ಯಾರ ಇದನ್ನ?”

“ಯಾರೋ ಭಾಳ ಶಾಣ್ಯಾ ಇರಬೇಕವ್ವಾ” ಅಂದೆ ನಾನು.

೩. ಗುಟ್ಟು

ಬೀಗ ತೆಗೆದರೆ ಕಾಲು ಹೋಗುತ್ತದೆ. ಅದಕ್ಕೇ ಬೀಗ ತೆಗೆದು, ಫೈಲ್ ಹುಟ್ಟಿದ ಕೂಡಲೇ ಪ್ರತಿ ನವಿಲಿಗೂ ಒಂದು ಕಾಲು ಹಚ್ಚುವ ಇನ್ನೊಂದು ಪ್ರೋಗ್ರಾಂ ಬರೆದು, ಯಾರಿಗೂ ಹೇಳದೆ ಸೇರಿಸಿ, ಲಗ್ನಕ್ಕೆ ಹೊಸ ಅಂಗಿ ತರಲು ಜಮಖಂಡಿ ಬಸ್ಸು ಹತ್ತಿದೆ.

ಇತ್ತ ಮಗಳು ನನ್ನ ಎಚ್ಚರಿಕೆ ಓದಿದಳು. ಓದಿದ್ದಷ್ಟೇ ಅಲ್ಲ, ನಂಬಿದಳು! ಮೂಲ ಚಿತ್ರ ತೆಗೆದು, ಎರಡು ಗೀಟಿನಲ್ಲಿ ಕಾಲು ಬರೆದು ಗುಂಡಿ ಒತ್ತಿದಳು. ಚಹಾ ಆರುವುದರೊಳಗೆ ಕೆಲಸ ಆತು.

ನಾನು ಬರುವಷ್ಟರಲ್ಲಿ ಸೀರೆ ಮಗ್ಗದಿಂದ ಇಳಿದಿತ್ತು. ಸೆರಗು ಬಿಡಿಸಿದರೆ ಮೊದಲಿನ ಕಾಲೊಂದು, ಅವಳು ಬರೆದದ್ದೊಂದು, ನನ್ನ ಗುಟ್ಟಿನ ಪ್ರೋಗ್ರಾಂ ಹಚ್ಚಿದ್ದೊಂದು. ಕಾಕಾ ತಲೆಯ ಮೇಲೆ ಕೈ ಹೊತ್ತು ಕೂತರು. ಮಗಳು ಎಣಿಸಿದಳು, ನನ್ನನ್ನು ನೋಡಿದಳು, ನಕ್ಕಳು: “ಇರ್ಲಿ ಬಿಡ್ರಿ ಮಾಮಾ. ಕುಂಟ ಅಂತೂ ಅಲ್ಲ.”

ಅದನ್ನೇ ಉಟ್ಟಳು. ಅಕ್ಕಿಕಾಳು ಬಿದ್ದ ಮೇಲೆ ತೇರದಾಳದ ಬೀಗರ ಹೆಣ್ಣುಮಕ್ಕಳು ಸೆರಗು ಹಿಡಿದು ಬೆರಗಾದರು: “ಯವ್ವಾ, ಮೂರ ಕಾಲಿನ ನವಿಲ! ನಮಗೂ ಇಂಥಾವ ನೇದ ಕೊಡ್ರಿ.” ಈಗ ಗುಟ್ಟಿನ ಪ್ರೋಗ್ರಾಮಿನ ಮೇಲೂ ಬರೆದಿಟ್ಟಿದ್ದೇನೆ: ‘ಇದನ್ನು ಮುಟ್ಟಬೇಡಿ.’

ಎಲ್ಲಾ ಖರೆ. ಕಾಕಾ ಅಂದರಲ್ಲ, ದೇವರು ಅಂತ, ಆ ಒಂದು ಸಣ್ಣ ಮಾತು ಮಾತ್ರ ನಾನು ಹುಟ್ಟಿಸಿದ್ದು. ಕೈ ಮುಗಿದದ್ದು ಖರೆ, ಅಂದದ್ದು, “ಇನ್ನ ಸಾಕ ಮಾಡೋ ತಮ್ಮಾ.”