ಒಂದೇ ದಿನದ ಐದು ಸ್ನಾನ

ಮುಳಬಾಗಿಲಿನ ಹುಡುಗಿ ಕಾಫಿ ಕೊಡುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಕೋದಂಡರಾಮಪ್ಪ ಅದನ್ನು ನಾಚಿಕೆ ಎಂದುಕೊಂಡು ಖುಷಿಯಿಂದ ಮಾಲೂರಿಗೆ ಹಿಂದಿರುಗಿದ. ಎಂಟು ದಿನದ ಮೇಲೆ ಬಂದ ಕಾಗದದಲ್ಲಿ ಕಾರಣ ನೇರವಾಗಿಯೇ ಇತ್ತು: ವರನ ಮೈ ನಾರುತ್ತದೆ. ಅದಕ್ಕೆ ಮುಂಚೆ ಬೇಡವೆಂದಿದ್ದ ಶ್ರೀನಿವಾಸಪುರದವರು ಜಾತಕದ ಮೇಲೆ ತಪ್ಪು ಹೊರಿಸುವಷ್ಟು ಮರ್ಯಾದೆಯನ್ನಾದರೂ ತೋರಿಸಿದ್ದರು.

ತಪ್ಪು ಪೂರ್ತಿ ಅವನದಲ್ಲ. ಮಾಲೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಬೆವರು ಬರುತ್ತಿರಲಿಲ್ಲ, ಸೋರುತ್ತಿತ್ತು. ಟೆರಿಲಿನ್ ಅಂಗಿ ಅದನ್ನು ಹೀರುತ್ತಲೂ ಇರಲಿಲ್ಲ, ಆರಲು ಬಿಡುತ್ತಲೂ ಇರಲಿಲ್ಲ. ಹಳೆಯ ಕಡತದ ಹಾಗೆ ಒಳಗೇ ಇಟ್ಟುಕೊಂಡು ಕೊಳೆಸುತ್ತಿತ್ತು. ವಯಸ್ಸು ಮೂವತ್ತೊಂದಾಗಿತ್ತು. ಈಗ ಸುಗಟೂರಿನ ದೊಡ್ಡವೆಂಕಟಪ್ಪನ ಮಗಳು ಆದಿಲಕ್ಷ್ಮಿಯ ಸಂಬಂಧ ಬಂದಿತ್ತು.

"ಇದೂ ತಪ್ಪೋದ್ರೆ ನಾನಿನ್ನು ಯಾರ ಮನೇಲೂ ಹೆಣ್ಣು ಕೇಳಲ್ಲ," ಎಂದಿದ್ದಳು ಅಮ್ಮ. "ನೀನೇ ಮುದ್ದೆ ತೊಳಸ್ಕಂಡು ತಿನ್ನು."

ಎಂಬತ್ತೆರಡರ ಬೇಸಿಗೆಯ ಒಂದು ಬುಧವಾರ ಕೋದಂಡರಾಮಪ್ಪ ನಸುಕಿನಲ್ಲೇ ಎದ್ದು ಮೈಯನ್ನು ತೆಂಗಿನ ನಾರಿನಿಂದ ಹಿತ್ತಾಳೆ ಚೊಂಬಿನಂತೆ ಉಜ್ಜಿದ. ಅದು ಮೊದಲನೇ ಸ್ನಾನ. ಜೊತೆಗೆ ಹೊರಟವನು ಅದೇ ಕಚೇರಿಯ ಇನ್ನೊಬ್ಬ ಗುಮಾಸ್ತ ಮುನಿಯಲ್ಲಪ್ಪ. ಅವನಿಗೂ ಮದುವೆಯಾಗಿರಲಿಲ್ಲ, ಆ ಚಿಂತೆಯೂ ಇರಲಿಲ್ಲ. ದಾರಿ ಗೊತ್ತು ಎಂದು ತಾನಾಗಿ ಅಂಟಿಕೊಂಡಿದ್ದ.

"ನೀನು ಸ್ನಾನ ಮಾಡಿದ್ಯೇನ್ಲಾ?"

"ಹೆಣ್ಣು ನೋಡೋನು ನೀನು. ನಾನ್ಯಾಕೆ ಮಾಡ್ಲಿ?"

ಬಸ್ಸಿನಲ್ಲಿ ಕೋದಂಡರಾಮಪ್ಪ ಕಂಕುಳಿಗೆ ಗಾಳಿ ಆಡಲೆಂದು ಎರಡೂ ತೋಳು ಅಗಲಿಸಿಕೊಂಡು ಬೆದರುಬೊಂಬೆಯಂತೆ ಕೂತ. ನರಸಾಪುರದಲ್ಲಿ ಮಜ್ಜಿಗೆ ಗಡಿಗೆ ಹಿಡಿದ ಹೆಂಗಸೊಬ್ಬಳು ಹತ್ತಿದಳು. ಅವಳ ಹಿಂದೆಯೇ ಆಡು ಹಿಡಿದ ಮುದುಕನೊಬ್ಬ ಹತ್ತಿದ.

"ಸಾರ್, ಕೈ ಹೆಂಗೂ ಖಾಲಿ ಅವೆ. ಟಿಕೆಟ್ ತಗೊಳೋಗಂಟ ಇದನ್ನ ಹಿಡ್ಕಳಿ," ಎಂದು ಅವಳು ಗಡಿಗೆಯನ್ನು ಅವನ ತೊಡೆಯ ಮೇಲಿಟ್ಟಳು. ಬಸ್ಸು ಒಂದು ಹಳ್ಳಕ್ಕೆ ಇಳಿದು ಮೇಲೆದ್ದಿತು. ಗಡಿಗೆ ಪೂರ್ತಿ ಅವನ ಮೇಲೆ ಬರಿದಾಯಿತು.

"ಅಯ್ಯೋ ದೇವುಡಾ, ನನ್ನ ಮಜ್ಜಿಗೆ."

"ನನ್ನ ಪ್ಯಾಂಟು ಕಣಮ್ಮ."

"ಪ್ಯಾಂಟು ಒಗೆದ್ರೆ ಹೋಯ್ತು. ಮಗಳ ಮನೆಗೆ ಅಂತ ತಂದ ಮಜ್ಜಿಗೆ ನೀವು ತಂದ್ಕೊಡ್ತೀರಾ?"

ಇಡೀ ಬಸ್ಸು ಮಜ್ಜಿಗೆಯ ಪಕ್ಷ ವಹಿಸಿತು. ಒದರಿಕೊಳ್ಳಲು ಎದ್ದವನನ್ನು ಕಂಡಕ್ಟರ್ ಗದರಿ ಕೂರಿಸಿದ. "ಅಲ್ಲಾಡಬೇಡಿ ಸಾರ್, ಪಕ್ಕದೋರ ಮೇಲೆ ಸಿಡೀತದೆ." ಅನುಕಂಪ ತೋರಿಸಿದ್ದು ಆಡೊಂದೇ. ಅದು ಕೋಲಾರ ಬರುವವರೆಗೂ ಅವನ ತೊಡೆ ನೆಕ್ಕಿತು.

ಕೋಲಾರದಲ್ಲಿ ಇಳಿದಾಗ ಬಿಸಿಲಿಗೆ ಮಜ್ಜಿಗೆ, ಬೆವರು, ಆಡಿನ ಜೊಲ್ಲು ಮೂರೂ ಒಂದಾಗಿ ಹುದುಗಿದ್ದವು. ಬಸ್ ನಿಲ್ದಾಣದ ಹತ್ತಿರ ಕದಿರೇಶನ ಕ್ಷೌರದಂಗಡಿಯ ಹಿಂದೆ ಬಿಸಿನೀರಿನ ಬಚ್ಚಲಿತ್ತು. ಕದಿರೇಶ ಮೂಗರಳಿಸಿ ಕೇಳಿದ, "ಸಾರ್, ತಮ್ಮದು ಹಾಲಿನ ಯಾಪಾರಾನಾ, ಆಡಿನ ಯಾಪಾರಾನಾ?"

"ಹೆಣ್ಣು ನೋಡೋಕೆ ಹೊರಟಿದೀನಪ್ಪ."

ಕದಿರೇಶ ಕತ್ತರಿ ಕೆಳಗಿಟ್ಟ. ಮರಣಶಯ್ಯೆಯ ರೋಗಿಯನ್ನು ಕಂಡ ಡಾಕ್ಟರನ ಗಾಂಭೀರ್ಯ ಅವನ ಮುಖಕ್ಕೆ ಬಂತು. ಎರಡನೇ ಸ್ನಾನವನ್ನು ಅವನೇ ನಿಂತು ಮಾಡಿಸಿದ. ಬಟ್ಟೆ ಒಗೆಸಿ, ಪಕ್ಕದಂಗಡಿಯಲ್ಲಿ ಇಸ್ತ್ರಿ ಹಾಕಿಸಿ ಒಣಗಿಸಿದ. ಮುಖಕ್ಕೆ ಸ್ನೋ, ಕತ್ತಿಗೆ ಪೌಡರು, ತಲೆಗೆ ಘಮಘಮ ಎಣ್ಣೆ, ಕೊನೆಗೆ ಎರಡು ಕಿವಿಯ ಹಿಂದೆಯೂ ಅತ್ತರು ಸವರಿದ.

"ಈ ಅತ್ತರು ಮೂರು ದಿನ ಆದ್ರೂ ಹೋಗಲ್ಲ ಸಾರ್. ಧೈರ್ಯವಾಗಿ ಹೋಗಿ."

ಮುನಿಯಲ್ಲಪ್ಪ ಏಳು ಸಲ ಸೀನಿದ. ತಾನು ಮಾತ್ರ ಬಾಚಣಿಗೆಯನ್ನೂ ಮುಟ್ಟಲಿಲ್ಲ.

ಸುಗಟೂರಿನ ಬಸ್ಸಿನಲ್ಲಿ ಜನ ಕೋದಂಡರಾಮಪ್ಪನಿಗೆ ಜಾಗ ಬಿಟ್ಟರು. ಜೀವನದಲ್ಲಿ ಮೊದಲ ಸಲ ಅವನು ಭಯವಿಲ್ಲದೆ ತೋಳೆತ್ತಿ ಕಂಬಿ ಹಿಡಿದ.

ದೊಡ್ಡವೆಂಕಟಪ್ಪನ ಮನೆ ಇನ್ನೂ ಇಪ್ಪತ್ತು ಹೆಜ್ಜೆ ದೂರವಿದ್ದಾಗಲೇ ಯಜಮಾನರು ಎರಡೂ ಕೈ ಚಾಚಿಕೊಂಡು ಓಡಿಬಂದರು. ಕೋದಂಡರಾಮಪ್ಪ ತಬ್ಬಿಕೊಳ್ಳಲು ಸಿದ್ಧನಾದ.

"ಅಲ್ಲೇ ನಿಂತ್ಕಳಿ, ಸ್ವಾಮಿ. ಮುಂದಕ್ಕೆ ಬರಬೇಡಿ."

"ನಾನು ಮಾಲೂರಿನಿಂದ..."

"ಗೊತ್ತಾಯ್ತು. ನೀವು ಬಸ್ಸಿಳಿದಾಗಲೇ ಗೊತ್ತಾಯ್ತು. ಮನೆ ತುಂಬ ರೇಷ್ಮೆ ಹುಳ ಅವೆ. ಇನ್ನು ಮೂರು ದಿನಕ್ಕೆ ಗೂಡು ಕಟ್ಟೋವು. ಸೆಂಟಿನ ವಾಸನೆ ತಗುಲಿದ್ರೆ ಸೊಪ್ಪು ಮುಟ್ಟಲ್ಲ, ಸತ್ತೋಯ್ತವೆ. ಹದಿನೈದು ದಿನದಿಂದ ನಮ್ಮನೇಲಿ ಒಗ್ಗರಣೆ ಹಾಕಿಲ್ಲ. ಹುಡುಗಿ ಹೂ ಮುಡಿದಿಲ್ಲ."

ಮಾಲೂರಿನ ಆಲೂಗಡ್ಡೆ ಹೊಲಗಳ ನಡುವೆ ಬೆಳೆದವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ದೊಡ್ಡವೆಂಕಟಪ್ಪ ಮುನಿಯಲ್ಲಪ್ಪನ ಹತ್ತಿರ ಹೋಗಿ, ಹೆಗಲ ಬಳಿ ಮೂಗಿಟ್ಟು ದೀರ್ಘವಾಗಿ ಉಸಿರೆಳೆದರು. ಮುಖ ಅರಳಿತು.

"ಇವರದೇನೂ ತೊಂದ್ರೆ ಇಲ್ಲ. ಬರೀ ಬೆವರು. ಕೈಕಾಲು ತೊಳ್ಕಂಡು ಒಳಕ್ಕೆ ಬನ್ನಿ. ನೀವು ಮಾತ್ರ ತೋಟದ ತೊಟ್ಟೀಲಿ ಮುಳುಗೆದ್ದು ಬನ್ನಿ ಸ್ವಾಮಿ. ಬಟ್ಟೆ ಅಲ್ಲೇ ಬಿಡಿ, ಪಂಚೆ ಕಳಿಸ್ತೀನಿ. ಸೋಪು ಮುಟ್ಟಬೇಡಿ."

ಕೋದಂಡರಾಮಪ್ಪ ಬೂದಿ ಹಚ್ಚಿಕೊಂಡು ಮೂರನೇ ಸ್ನಾನ ಮಾಡಿದ. ಪಂಚೆಯುಟ್ಟು ಬಂದವನನ್ನು ಯಜಮಾನರು ಹತ್ತು ಹೆಜ್ಜೆ ದೂರದಲ್ಲೇ ತಡೆದರು. "ತಲೆ ಇನ್ನೂ ಘಮ್ಮಂತೈತೆ." ಮಣ್ಣು ಹಚ್ಚಿ ತಲೆ ತಿಕ್ಕಿದ್ದು ನಾಲ್ಕನೆಯದು. "ಕಿವಿ ಹಿಂದೆ ಐತೆ ನೋಡಿ ಇನ್ನೂ." ಐದನೆಯದಕ್ಕೆ ಅವನು ಕತ್ತಿನವರೆಗೆ ತೊಟ್ಟಿಯಲ್ಲಿ ಕೂತ. ಎಮ್ಮೆಯೊಂದು ನೀರಿಗೆ ಬಂದು, ಜಾಗ ಖಾಲಿಯಿಲ್ಲದ್ದು ಕಂಡು ಹಿಂದಿರುಗಿತು.

ಹೊತ್ತು ಇಳಿಯುತ್ತಿದ್ದಾಗ ಮುನಿಯಲ್ಲಪ್ಪ ಎಲೆ ಅಡಿಕೆ ಅಗಿಯುತ್ತ ತೊಟ್ಟಿಯ ಹತ್ತಿರ ಬಂದ.

"ಹುಡುಗಿ ನೋಡಿದ್ಯಾ?"

"ನೋಡ್ದೆ. ಜೊತೇಲಿ ಹುಳಕ್ಕೆ ಸೊಪ್ಪೂ ಹಾಕ್ದೆ. ಒಳ್ಳೆ ಹುಡುಗಿ ಕಣೋ."

"ನನ್ನ ವಿಚಾರ ಏನಂದ್ಲು?"

"ನಿನ್ನ ವಿಚಾರಕ್ಕೆ ಬರೋಕಾಗ್ಲಿಲ್ಲ. ನಮ್ಮತ್ತೆ ಊರೂ ಅವರಮ್ಮನ ಊರೂ ಒಂದೇ ಅಂತೆ. ಕೆಲಸ ಕೇಳಿದ್ರು, ನಿಂದೇ ಕೆಲಸ ಅಂದೆ. ಹುಳದ ಮನೆಗೆ ಇಂಥ ಅಳಿಯನೇ ಸರಿ ಅಂದ್ಬಿಟ್ರು. ಅವಳೂ ಹೂಂ ಅಂದ್ಲು."

ಕೋದಂಡರಾಮಪ್ಪ ನೀರಿನಿಂದ ಏಳಲಿಲ್ಲ. ಎದ್ದು ಹೋಗಲು ಜಾಗವಾದರೂ ಎಲ್ಲಿತ್ತು?

"ಬೇಜಾರು ಮಾಡ್ಕಬೇಡ," ಎಂದ ಮುನಿಯಲ್ಲಪ್ಪ. "ನಾಳಿದ್ದು ಮಾತುಕತೆ. ನನ್ನ ಕಡೆಯಿಂದ ನೀನು ಬರಲೇಬೇಕು. ಮಾವನೋರು ಒಂದೇ ಒಂದು ಮಾತು ಹೇಳಿ ಕಳ್ಸವ್ರೆ. ಅವತ್ತು ದಯವಿಟ್ಟು ಸ್ನಾನ ಮಾಡ್ದೆ ಬರಬೇಕಂತೆ."