ಮಾವನ ಸ್ಟೇಟಸ್ಸು, ಅವ್ವನ ಸೀರೆ

ನನ್ನ ಸೋದರಮಾವನ ಹೊಟ್ಟೆಯೊಳಗೆ ಏನಿದೆ ಎಂಬುದು ಗುಂಡ್ಲುಪೇಟೆಗೆಲ್ಲ ಗೊತ್ತು. ಮಾತಿಗೆ ಹೇಳುತ್ತಿಲ್ಲ. ಈಚೆಗೆ ಕಿಡ್ನಿ ಕಲ್ಲಿಗೆಂದು ಸ್ಕ್ಯಾನಿಂಗ್ ಮಾಡಿಸಿದವನು ಆ ಫೋಟೋವನ್ನೇ ಫೋನಿನ ಸ್ಟೇಟಸ್ಸಿಗೆ ಹಾಕಿದ. ಕೆಳಗೆ ‘ಎಲ್ಲರ ಆಶೀರ್ವಾದ ಇರಲಿ’ ಎಂದು ಬರೆದ. ಕುದೇರಿನ ನೆಂಟರೊಬ್ಬರು ಮಗುವಿನ ಸ್ಕ್ಯಾನಿಂಗ್ ಎಂದೇ ತಿಳಿದು, ‘ಯಾರಿಗೆ, ಎಷ್ಟು ತಿಂಗಳು?’ ಎಂದು ಕೇಳಿದರು. ಮಾವ ಬೇಸರ ಮಾಡಿಕೊಳ್ಳಲಿಲ್ಲ. ‘ನಂಗೇಯ. ನೀರ್ ಕುಡಿ, ತಾನೇ ಬತ್ತದೆ ಅಂದವ್ರೆ ಡಾಕ್ಟ್ರು’ ಎಂದು ಉತ್ತರ ಕೊಟ್ಟ.

ಊಟಿ ರಸ್ತೆಯಲ್ಲಿ ಮಾವನದು ಪಂಕ್ಚರ್ ಅಂಗಡಿ. ಟೈರಿನಿಂದ ಕಿತ್ತ ಮೊಳೆಯನ್ನು ಅಂಗೈಮೇಲಿಟ್ಟು ಒಂದು ಫೋಟೋ. ಬಾಯಿಂದ ಕಿತ್ತ ಹಲ್ಲಿಗೂ ಅದೇ ಅಂಗೈ. ಯಾವುದು ಗಾಡಿಯದು, ಯಾವುದು ಮಾವನದು ಎಂದು ತಿಳಿಯಲು ಕೆಳಗಿನ ಬರಹ ಓದಬೇಕು. ಬೆಳಿಗ್ಗೆ ಬಿ.ಪಿ. ಎಷ್ಟಿತ್ತು, ಮಧ್ಯಾಹ್ನ ಸಾರು ಏನು, ಸಂಜೆ ಅತ್ತೆ ಯಾಕೆ ಬೈದಳು, ಯಾವುದನ್ನೂ ಬಿಡುವವನಲ್ಲ. ಒಂದು ಭಾನುವಾರ ನಾಟಿಕೋಳಿ ಸಾರು ಕುದಿಯುವಾಗಲೇ ಹಾಕಿಬಿಟ್ಟ. ಊಟದ ಹೊತ್ತಿಗೆ ಸಂತೆಮರಹಳ್ಳಿಯ ಷಡ್ಡಕ ಹೆಂಡತಿ ಮಕ್ಕಳ ಸಮೇತ ಬಸ್ಸಿಳಿದ. ಅತ್ತೆ ಸಾರಿಗೆ ನೀರು ಸುರಿಯುತ್ತಾ, ‘ಬಾಗ್ಲು ಹಾಕುದ್ರೂ ಈವಯ್ಯನ ಫೋನು ತೆಗೆದೇ ಇರ್ತದೆ ಕಣಪ್ಪ’ ಎಂದು ನನ್ನ ಮುಂದೆ ಗೋಳಾಡಿದಳು. ಅದೂ ಸ್ಟೇಟಸ್ಸಿಗೆ ಬಂತು: ‘ನೀರು ಹಾಕಿದ ಮೇಲೆ.’

ಮಾವನೊಬ್ಬನನ್ನೇ ಯಾಕೆ ಅನ್ನಬೇಕು? ನಾನು ಚಾಮರಾಜನಗರದಲ್ಲಿ ಗೇಟು, ಗ್ರಿಲ್ಲು ಮಾಡುವವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ವೆಲ್ಡಿಂಗ್ ಕಲಿತು, ಸ್ವಂತ ಶೆಡ್ಡು ಹಾಕಿಕೊಂಡವನು. ನಾನು ಕೂರಿಸಿದ ಗೇಟು ಇವತ್ತಿನವರೆಗೆ ಒಂದೂ ಜೋತುಬಿದ್ದಿಲ್ಲ. ‘ಒಳಗಿಂದು ಯಾರ್ಗೂ ಕಾಣ್ಬಾರ್ದು, ತಗಡು ಹೊಡೀರಿ’ ಎನ್ನುತ್ತಾರೆ ಜನ. ಹೊಡೆಯುತ್ತೇನೆ. ಅದೇ ಸಂಜೆ ಅವರ ಸೋಫಾ, ಮಂಚ, ದೇವರ ಮನೆಯೆಲ್ಲ ಸ್ಟೇಟಸ್ಸಿನಲ್ಲಿ! ಹಾಗಿದ್ದರೆ ನನ್ನ ತಗಡು ಇವರಿಗೆ ಯಾಕೆ ಬೇಕಿತ್ತು?

ಮಾವನನ್ನು ನೋಡಿ ನಗುತ್ತಿದ್ದ ನಮ್ಮ ಮನೆಯಲ್ಲಿ ನಗು ನಿಂತದ್ದು ಹೋದ ವರ್ಷದ ಗೌರಿಹಬ್ಬಕ್ಕೆ. ಹಬ್ಬಕ್ಕೆ ತವರಿನಿಂದ ಅವ್ವನಿಗೆ ಸೀರೆ ಬರಬೇಕು. ತಾತ ಹೋದ ಮೇಲೆ ಮಾವ ಒಂದು ವರ್ಷವೂ ತಪ್ಪಿಸಿದವನಲ್ಲ. ಆ ಸಲ ಸೀರೆ ಅವ್ವನ ಕೈಗೆ ಬರುವ ಮುಂಚೆಯೇ ಸ್ಟೇಟಸ್ಸಿಗೆ ಬಂತು. ಎರಡು ಸೀರೆ ಪಕ್ಕಪಕ್ಕದಲ್ಲಿ, ಒಂದು ಅತ್ತೆಗೆ, ಒಂದು ಅವ್ವನಿಗೆ. ಹಿಂದುಗಡೆ ಅಂಗಡಿಯ ಬೋರ್ಡು, ಮೊಳದುದ್ದದ ಅಕ್ಷರದಲ್ಲಿ: ‘ಒಂದು ಕೊಂಡರೆ ಒಂದು ಉಚಿತ.’

ನೆಂಟರಿಗೆಲ್ಲ ಒಂದೇ ಪ್ರಶ್ನೆ. ಉಚಿತದ್ದು ಯಾರಿಗೆ?

ಅವ್ವ ಆ ಸೀರೆಯ ಮಡಿಕೆಯನ್ನೂ ಬಿಚ್ಚದೆ ಬೀರುವಿನ ತಳಕ್ಕೆ ತಳ್ಳಿದಳು. ‘ನನ್ ಮರ್ವಾದೆ ಊರ್ಗೆಲ್ಲ ಹಂಚ್ಬುಟ್ಟ. ಇನ್ನು ಅವನ್ ಕೂಟೆ ನಂಗ್ ಮಾತಿಲ್ಲ’ ಎಂದಳು. ಅಂದಂತೆಯೇ ನಡೆದುಕೊಂಡಳು. ಮಾವ ಫೋನ್ ಮಾಡಿದರೆ ಎತ್ತಲಿಲ್ಲ, ಮನೆಗೆ ಬಂದರೆ ಒಳಕೋಣೆಯಿಂದ ಈಚೆಗೆ ಬರಲಿಲ್ಲ. ಅಕ್ಕ ತಮ್ಮನ ಮಾತು ನಿಂತೇಹೋಯಿತು.

ಇಷ್ಟಾದ ಮೇಲಾದರೂ ಮಾವ ಬುದ್ಧಿ ಕಲಿಯಬೇಡವೇ? ಸ್ಟೇಟಸ್ಸು ಇಮ್ಮಡಿಯಾಯಿತು. ಸ್ಕ್ಯಾನಿಂಗ್ ಫೋಟೋ ಬಂದದ್ದೂ ಆಗಲೇ. ಗುಂಡ್ಲುಪೇಟೆಗೆ ಗೇಟು ಕೂರಿಸಲು ಹೋದವನು, ಬೈದೇ ಬರುತ್ತೇನೆಂದು ಅವನ ಅಂಗಡಿಗೆ ನುಗ್ಗಿದೆ.

‘ನಿನ್ ಹೊಟ್ಟೆ ಒಳಗಿಂದ ಊರ್ಗ್ಯಾಕ್ ತೋರುಸ್ಬೇಕು ಮಾವ?’

‘ಕೂತ್ಕಳ್ಲಾ’ ಎಂದ. ಟ್ಯೂಬು ಕೆಳಗಿಟ್ಟು ಕೈ ಒರೆಸಿಕೊಂಡು ಫೋನು ತೆಗೆದ. ಸ್ಟೇಟಸ್ಸಿನ ಕೆಳಗೆ ಒಂದು ಕಣ್ಣಿನ ಗುರುತು ಇರುತ್ತದೆ. ಒತ್ತಿದರೆ ಯಾರು ಯಾರು ನೋಡಿದರೆಂದು ಹೆಸರು ಬರುತ್ತವೆ. ಮಾವ ಉಳಿದವರನ್ನೆಲ್ಲ ಬೆರಳಲ್ಲಿ ಸರಿಸಿ ಒಂದು ಹೆಸರಿನ ಮೇಲೆ ನಿಂತ. ‘ಅಕ್ಕ.’

‘ಊರ್ಗಲ್ಲ ಕಣ್ಲಾ. ನಿಮ್ಮವ್ವ ದಿನಾ ನೋಡ್ತಾವ್ಳೆ.’

‘ಹಂಗಾದ್ರೆ ಅವ್ವನಿಗೇ ಕಳ್ಸು.’

‘ಅವ್ಳೊಬ್ಳಿಗೇ ಕಳ್ಸುದ್ರೆ ಹಟ ಮಾಡ್ಕಂಡು ನೋಡದಿಲ್ಲ. ಊರ್ಗೆಲ್ಲ ಹಾಕುದ್ರೆ ಊರ್ನೋರ್ ಜೊತೆ ಅವ್ಳೂ ನೋಡ್ಕತಾಳೆ.’ ಟ್ಯೂಬನ್ನು ಮತ್ತೆ ನೀರಿಗೆ ಅದ್ದಿದ. ‘ನೋಡೋದು ನಂಗ್ ಗೊತ್ತಾಯ್ತದೆ ಅಂತ ಹೇಳ್ಗೀಳ್ಬುಟ್ಟೀಯ. ಅದ್ನೂ ಬುಟ್ಬುಡ್ತಾಳೆ.’

ಬೈಯಲು ಹೋದವನು ಟೀ ಕುಡಿದು ಬಂದೆ.

ಮನೆಗೆ ಬಂದರೆ ಅವ್ವ ಜಗಲಿಯಲ್ಲಿ ಕೂತು ಫೋನಿನಲ್ಲಿದ್ದ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸುತ್ತಿದ್ದಳು.

‘ಯಾರ್ದವ್ವ ಅದು?’

‘ಯಾರ್ದೋ’ ಎಂದಳು. ಫೋನನ್ನು ನನ್ನ ಕಡೆ ತಿರುಗಿಸಿ, ‘ಇದ್ರಲ್ಲಿ ಕಲ್ಲು ಯಾವ್ದ್ಲಾ?’ ಎಂದಳು.

ಈ ಸಲದ ಗೌರಿಹಬ್ಬ ಬಂತು. ಮಾವ ಸೀರೆ ತರುವ ಧೈರ್ಯ ಮಾಡಲಿಲ್ಲ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಈಚೆಗೆ ಬಂದ ಅವ್ವನನ್ನು ನೋಡಿ ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಮೈಮೇಲೆ ಅದೇ ಸೀರೆ. ವರ್ಷದ ಮಡಿಕೆಯ ಗೆರೆ ಹಾಗೇ ಇತ್ತು.

‘ಒಂದ್ ಫೋಟೋ ತೆಗ್ದು ನನ್ ಸ್ಟೇಟಸ್ಸಿಗೆ ಹಾಕು.’

‘ಮಾವನಿಗೆ ಕಾಣ್ಲಿ ಅಂತಾನಾ?’

‘ಅವನ್ಗ್ಯಾಕೆ? ಎಲ್ರಿಗೂ ಹಾಕು.’

ಹಾಕಿದೆ. ಫೋನು ಅವಳ ಕೈಗೆ ಕೊಡುವಷ್ಟರಲ್ಲಿ ಕೆಳಗೆ ಕಣ್ಣಿನ ಗುರುತು, ಪಕ್ಕದಲ್ಲಿ ಒಂದು ಎಂಬ ಅಂಕಿ.

‘ಅದೇನ್ಲಾ ಕಣ್ಣು?’

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಒತ್ತಿ ತೋರಿಸಿದೆ. ಇದ್ದದ್ದು ಒಂದೇ ಹೆಸರು: ‘ತಮ್ಮ.’

ಅವ್ವ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು. ‘ನಾನ್ ನೋಡಿದ್ದೂ ಅವನ್ಗೆ ಹಿಂಗೇ ಕಾಣ್ತಿತ್ತಾ?’

‘ಊಂ.’

‘ದಿನಾನೂವೆ?’

‘ದಿನಾನೂವೆ.’

‘ಕಳ್ಳ ಮುಂಡೇದು’ ಎಂದು ಸೆರಗಿನಿಂದ ಮೊದಲು ಫೋನು ಒರೆಸಿದಳು, ಆಮೇಲೆ ಕಣ್ಣು. ‘ಫೋನ್ ಮಾಡ್ಕೊಡು ಅವನ್ಗೆ. ಕಲ್ಲು ಬಿತ್ತೋ ಇಲ್ವೋ, ಅದೊಂದ್ನ ಹಾಕ್ಲೇ ಇಲ್ಲ.’